ಕುದಿಸಿದರೆ ಹೋಗುವುದು, ಕುದಿಸಿದರೂ ಹೋಗದ್ದು

ನೀರು ಕಾಯಿಸುವ ಪಾತ್ರೆಯ ತಳ ನೋಡಿದರೆ ಅದು ಯಾವ ಸೀಮೆಯ ಮನೆ ಎಂದು ಸುಮಾರಾಗಿ ಹೇಳಿಬಿಡಬಹುದು. ಕೋಲಾರ, ತುಮಕೂರು, ಚಿತ್ರದುರ್ಗದ ಕಡೆ ಬೋರ್‌ವೆಲ್ ನೀರು ಕಾಯಿಸುವ ಪಾತ್ರೆಗೆ ಕೆಲವೇ ತಿಂಗಳಲ್ಲಿ ಸುಣ್ಣ ಬಳಿದಂತೆ ಬಿಳಿ ಪದರ ಕಟ್ಟಿರುತ್ತದೆ. ಮಲೆನಾಡಿನ ಬಾವಿ ನೀರು ಕಾಯಿಸುವ ಪಾತ್ರೆಯ ತಳ ವರ್ಷ ಕಳೆದರೂ ಹೊಳೆಯುತ್ತಿರುತ್ತದೆ. ಬಿಳಿ ಪದರ ಕಂಡವರು, "ನೋಡಿ, ಕುದಿಸಿದ್ದಕ್ಕೆ ಎಷ್ಟು ವಿಷ ಕೆಳಗೆ ಕೂತಿದೆ" ಎಂದು ಸಮಾಧಾನಪಟ್ಟುಕೊಳ್ಳುತ್ತಾರೆ. ಕೂತಿರುವುದು ವಿಷವಲ್ಲ. ನೀರಿನ ಗಡಸುತನದ ಒಂದು ಪಾಲು ಕಾವಿಗೆ ಒಡೆದು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಕೆಳಗಿಳಿದಿದೆ, ಅಷ್ಟೆ. ಹೊಟ್ಟೆಗೆ ಹೋದರೂ ಅದರಿಂದ ಅಂಥ ಕೇಡಿಲ್ಲ. ಭಯಪಡಬೇಕಾದದ್ದು ಆ ನೀರಿನಲ್ಲಿ ಇದ್ದರೆ, ಅದು ಮೇಲಿನ ತಿಳಿಯಲ್ಲೇ ಕರಗಿಕೊಂಡು ಕುಳಿತಿರುತ್ತದೆ.

ಕುದಿಸುವುದರಷ್ಟು ನಂಬಿಕೆಯ ಮದ್ದು ಇನ್ನೊಂದಿಲ್ಲ, ಆದರೆ ಅದು ರೋಗಾಣುವಿಗೆ ಮಾತ್ರ ಮದ್ದು. ಕಾಲರಾ, ಟೈಫಾಯ್ಡ್, ಕಾಮಾಲೆ, ಆಮಶಂಕೆ ತರುವ ಬ್ಯಾಕ್ಟೀರಿಯಾ, ವೈರಸ್, ಅಮೀಬಾ ಎಲ್ಲವೂ ಕುದಿಯುವ ನೀರಿನಲ್ಲಿ ಸಾಯುತ್ತವೆ. ಎಷ್ಟು ಹೊತ್ತು ಎಂಬುದರಲ್ಲೇ ಗೊಂದಲ. ಇಪ್ಪತ್ತು ನಿಮಿಷ ಕುದಿಸಿ ಎನ್ನುವವರು ಇಂದಿಗೂ ಇದ್ದಾರೆ. ಅದು ಗ್ಯಾಸು ಸುಡುವ ಕೆಲಸ. ರೋಗಾಣುಗಳು 70 ಡಿಗ್ರಿ ದಾಟುತ್ತಿದ್ದಂತೆ ಬೇಗಬೇಗ ಸಾಯತೊಡಗುತ್ತವೆ. ತಳದಿಂದ ಮೇಲಿನವರೆಗೆ ನೀರು ಕೊತಕೊತ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಬಿಟ್ಟರೆ ಸಾಕು. ಎತ್ತರದ ಜಾಗದಲ್ಲಿ ನೀರು ಕಡಿಮೆ ಕಾವಿಗೇ ಕುದಿಯುವುದರಿಂದ 2,000 ಮೀಟರಿಗೆ ಮೇಲ್ಪಟ್ಟಲ್ಲಿ ಮೂರು ನಿಮಿಷ ಎನ್ನುವ ಲೆಕ್ಕವಿದೆ. ಬೆಂಗಳೂರಿನಲ್ಲಿ 97 ಡಿಗ್ರಿ ಆಸುಪಾಸಿಗೇ ನೀರು ಕುದಿಯುತ್ತದೆ, ಆದರೂ ಒಂದು ನಿಮಿಷವೇ ಸಾಕು. ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರ್ ಇರುವಾಗ, ಮೂರು ನಿಮಿಷದ ಲೆಕ್ಕ ನಮ್ಮಲ್ಲಿ ಯಾರಿಗೂ ಬೇಕಾಗುವುದಿಲ್ಲ.

ಕೆಡುವುದು ಕುದಿಸುವಾಗಲ್ಲ, ಆಮೇಲೆ. ಹೋಟೆಲಿನಲ್ಲಿ "ಬಿಸಿನೀರು ಕೊಡಿ" ಅಂದರೆ ಬರುವುದು ಹೆಚ್ಚಿನ ಸಲ ಅರ್ಧ ಕುದಿದ ನೀರು, ಅರ್ಧ ನಲ್ಲಿ ನೀರು. ಉಗುರುಬೆಚ್ಚಗಿದ್ದರೆ ಅದು ಬರಿ ಬಾಯಿಗೆ ಹಿತ. ಮನೆಯಲ್ಲೂ ಅದೇ ಕತೆ: ಕುದಿಸಿ ಆರಿಸಿದ ನೀರನ್ನು ಅಗಲ ಬಾಯಿಯ ಪಾತ್ರೆಯಲ್ಲಿಟ್ಟು, ಬಂದವರೆಲ್ಲ ಲೋಟ ಅದ್ದಿ ತೆಗೆಯುತ್ತಾರೆ. ಲೋಟದ ಜತೆ ನಾಲ್ಕು ಬೆರಳೂ ಮುಳುಗುತ್ತವೆ. ಕುದಿಸಿದ ನೀರಿಗೆ ತನ್ನನ್ನು ಕಾಯ್ದುಕೊಳ್ಳುವ ಶಕ್ತಿಯಿಲ್ಲ. ಹೊಸದಾಗಿ ಬಿದ್ದ ರೋಗಾಣುವನ್ನು ಅದು ತಡೆಯದು. ಕುದಿಸಿದ ಪಾತ್ರೆಯಲ್ಲೇ ಮುಚ್ಚಿ ಆರಿಸಿ, ಕೆಳಗೆ ನಲ್ಲಿಯಿರುವ ಪಾತ್ರೆಗೋ ಕಿರಿದಾದ ಬಾಯಿಯ ಹೂಜಿಗೋ ಸುರಿದುಕೊಂಡು, ಒಂದು ದಿನದೊಳಗೆ ಖಾಲಿ ಮಾಡಬೇಕು.

ಕುದಿಸಿದರೂ ಹೋಗದ್ದರಲ್ಲಿ ಮೊದಲನೆಯದು ಫ್ಲೋರೈಡ್, ಎರಡನೆಯದು ನೈಟ್ರೇಟ್. ಹೋಗದಿರುವುದಷ್ಟೇ ಅಲ್ಲ, ಹೆಚ್ಚಾಗುತ್ತವೆ. ಲೀಟರಿಗೆ 1.6 ಮಿ.ಗ್ರಾಂ. ಫ್ಲೋರೈಡ್ ಇರುವ 10 ಲೀಟರ್ ನೀರನ್ನು ಕುದಿಸಿ 8 ಲೀಟರಿಗೆ ಇಳಿಸಿದಿರಿ ಎನ್ನೋಣ. ಆವಿಯಾಗಿ ಹೋದದ್ದು ನೀರು ಮಾತ್ರ. ಉಳಿದ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 2 ಮಿ.ಗ್ರಾಂ. ಆಯಿತು. ಭಾರತೀಯ ಮಾನಕದ ಪ್ರಕಾರ 1 ಮಿ.ಗ್ರಾಂ. ಒಳಗಿದ್ದರೆ ಒಳ್ಳೆಯದು, ಬೇರೆ ದಾರಿಯೇ ಇಲ್ಲದಿದ್ದರೆ 1.5ರ ತನಕ ಒಪ್ಪಬಹುದು. ಅಂದರೆ ಇಪ್ಪತ್ತು ನಿಮಿಷ ಕುದಿಸುವ ಪದ್ಧತಿ ಬಯಲುಸೀಮೆಯ ಬೋರ್‌ವೆಲ್ ನೀರಿಗೆ ದಂಡ ಮಾತ್ರವಲ್ಲ, ತುಸು ಅಪಾಯವೂ ಹೌದು. ನೈಟ್ರೇಟಿಗೆ ಮಿತಿ 45 ಮಿ.ಗ್ರಾಂ.; ಅದರ ಮೇಲೆ ಯಾವ ರಿಯಾಯಿತಿಯೂ ಇಲ್ಲ. ಪಾಯಿಖಾನೆ ಗುಂಡಿ, ತಿಪ್ಪೆ, ಯೂರಿಯಾ ಸುರಿದ ಹೊಲ ಇವುಗಳಿಂದ ಅದು ಇಳಿಯುತ್ತದೆ. ಬಾಟಲಿ ಹಾಲು ಕುಡಿಯುವ ಹಸುಗೂಸಿನ ರಕ್ತ ಆಮ್ಲಜನಕ ಹೊರಲಾರದಂತೆ ಮಾಡುವುದು ಇದೇ. ಹಾಲಿನ ಪುಡಿ ಕಲಸಲೆಂದು ನೀರನ್ನು ಮತ್ತೆ ಮತ್ತೆ ಕುದಿಸುವ ಮನೆಗಳಲ್ಲಿ ಇದು ಗೊತ್ತಿರಲೇಬೇಕು.

ಹಾಗಾಗಿ ಮೊದಲ ಪ್ರಶ್ನೆ "ಯಾವ ಫಿಲ್ಟರ್ ಒಳ್ಳೆಯದು" ಎಂಬುದಲ್ಲ, "ನಮ್ಮ ನೀರಿಗೆ ಏನಾಗಿದೆ" ಎಂಬುದು. ಕರಾವಳಿ, ಮಲೆನಾಡಿನ ತೆರೆದ ಬಾವಿಯ ಕಾಯಿಲೆ ಬೇರೆ. ಬಯಲುಸೀಮೆಯ ಆಳದ ಬೋರಿನ ಕಾಯಿಲೆ ಬೇರೆ. ಒಂದರ ಔಷಧಿ ಇನ್ನೊಂದಕ್ಕೆ ಆಗುವುದಿಲ್ಲ.

ಮೊದಲು ಬಾವಿ. ಮುರಕಲ್ಲು, ಜಂಬಿಟ್ಟಿಗೆ, ಚಿರೆಕಲ್ಲು ಎಂದು ಒಂದೊಂದು ಕಡೆ ಒಂದೊಂದು ಹೆಸರಿನಲ್ಲಿ ಕರೆಯುವ ಕೆಂಪು ಕಲ್ಲಿನ ಮೈ ತುಂಬ ತೂತು. ಮಳೆನೀರು ಅದರಲ್ಲಿ ಸೋಸಿಕೊಂಡು ಇಳಿಯುತ್ತದೆ ಎಂಬುದು ಅರ್ಧ ಸತ್ಯ. ಜಡಿಮಳೆಯಲ್ಲಿ ಸೋಸುವಷ್ಟು ವ್ಯವಧಾನ ಅದಕ್ಕಿರುವುದಿಲ್ಲ, ಪಕ್ಕದ ಪಾಯಿಖಾನೆ ಗುಂಡಿಯನ್ನು ತೊಳೆದುಕೊಂಡೇ ಬಾವಿಗೆ ಬರುತ್ತದೆ. ಗುಂಡಿಗೂ ಬಾವಿಗೂ ಕನಿಷ್ಠ 15 ಮೀಟರ್ ದೂರವಿರಬೇಕು, ಗುಂಡಿ ಇಳಿಜಾರಿನ ಕೆಳಗಿರಬೇಕು ಎನ್ನುವುದು ಸಾಧಾರಣ ಮಣ್ಣಿನ ಲೆಕ್ಕ. ತೂತು ಕಲ್ಲಿನಲ್ಲಿ ಆ ದೂರವನ್ನೂ ಪೂರ್ತಿ ನಂಬುವಂತಿಲ್ಲ. ಹತ್ತು ಸೆಂಟ್ಸ್ ಜಾಗದಲ್ಲಿ ಮನೆ, ಬಾವಿ, ಗುಂಡಿ ಮೂರೂ ಕೂರಬೇಕಾದಾಗ ದೂರ ಎಲ್ಲಿಂದ ಬರಬೇಕು? ಅದಕ್ಕೇ ಬ್ಲೀಚಿಂಗ್ ಪೌಡರ್.

ಬಾವಿಯೊಳಗೆ ಎಷ್ಟು ನೀರಿದೆ ಎಂಬ ಲೆಕ್ಕ ಮೊದಲು. ಬಾವಿಯ ಅಡ್ಡಳತೆಯನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, 3.14ರಿಂದ ಗುಣಿಸಿ, 4ರಿಂದ ಭಾಗಿಸಬೇಕು. ಎಲ್ಲ ಮೀಟರಿನಲ್ಲಿದ್ದರೆ ಬಂದ ಉತ್ತರವನ್ನು 1,000ದಿಂದ ಗುಣಿಸಿದಾಗ ಲೀಟರ್ ಸಿಗುತ್ತದೆ. ಆಳ ಅಳೆಯಲು ಹಗ್ಗಕ್ಕೆ ಕಲ್ಲು ಕಟ್ಟಿ ತಳ ಮುಟ್ಟಿಸಿ ಎಳೆದುಕೊಂಡು, ಒದ್ದೆಯಾದಷ್ಟು ಉದ್ದ ನೋಡಿದರಾಯಿತು. 2 ಮೀಟರ್ ಅಡ್ಡಳತೆಯ ಬಾವಿಯಲ್ಲಿ 3 ಮೀಟರ್ ನೀರಿದ್ದರೆ ಸುಮಾರು 9,420 ಲೀಟರ್. ಒಳ್ಳೆಯ ಬ್ಲೀಚಿಂಗ್ ಪೌಡರಿನಲ್ಲಿ ಶೇಕಡಾ 33ರಷ್ಟು ಕ್ಲೋರಿನ್ ಇರುತ್ತದೆ. ಅಂಥದ್ದು ಸಾವಿರ ಲೀಟರಿಗೆ 2.5 ಗ್ರಾಂ ಎಂದರೆ ಈ ಬಾವಿಗೆ 24 ಗ್ರಾಂ ಸಾಕು.

ಸಾಕು ಎಂದದ್ದು ತಿಳಿಯಾದ ನೀರಿಗೆ. ಮಳೆಗಾಲದ ಬಗ್ಗಡ ನೀರಿನಲ್ಲಿ ಕ್ಲೋರಿನ್ ಮೊದಲು ಖರ್ಚಾಗುವುದು ಎಲೆ, ಮಣ್ಣು, ಪಾಚಿಯ ಮೇಲೆ. ಮಿಕ್ಕಿದ್ದು ಮಾತ್ರ ರೋಗಾಣುವಿಗೆ. ಎಷ್ಟು ಖರ್ಚಾಗುತ್ತದೆ ಎಂದು ತಿಳಿಯಲು ಆರೋಗ್ಯ ಸಿಬ್ಬಂದಿಯ ಹತ್ತಿರ ಹಾರಾಕ್ಸ್ ಪೆಟ್ಟಿಗೆ ಇರುತ್ತದೆ. ಆರು ಬಿಳಿ ಬಟ್ಟಲು, ಒಂದು ಕಪ್ಪು ಬಟ್ಟಲು, 2 ಗ್ರಾಂ ಹಿಡಿಯುವ ಚಮಚ, ಗಾಜಿನ ಕಡ್ಡಿಗಳು. ಕಪ್ಪು ಬಟ್ಟಲಲ್ಲಿ ಒಂದು ಚಮಚ ಪುಡಿಯನ್ನು ಕಲಸಿ ಗುರುತಿನ ತನಕ ನೀರು ತುಂಬುವುದು. ಬಿಳಿ ಬಟ್ಟಲುಗಳಲ್ಲಿ ಬಾವಿ ನೀರು. ಮೊದಲನೆಯದಕ್ಕೆ ಕಪ್ಪು ಬಟ್ಟಲಿನ ತಿಳಿ ಒಂದು ಹನಿ, ಎರಡನೆಯದಕ್ಕೆ ಎರಡು, ಹೀಗೆ ಆರರ ತನಕ. ಒಂದೊಂದನ್ನೂ ಬೇರೆ ಬೇರೆ ಕಡ್ಡಿಯಲ್ಲಿ ಕಲಕಿ ಅರ್ಧ ಗಂಟೆ ಬಿಟ್ಟು, ಪಿಷ್ಟ-ಅಯೋಡೈಡ್ ದ್ರಾವಣದ ಮೂರು ಹನಿ ಹಾಕಿದರೆ, ಕ್ಲೋರಿನ್ ಇನ್ನೂ ಮಿಕ್ಕಿರುವ ಬಟ್ಟಲುಗಳು ನೀಲಿಯಾಗುತ್ತವೆ. ಮೊದಲು ನೀಲಿಯಾದದ್ದು ಮೂರನೆಯದಾದರೆ 455 ಲೀಟರಿಗೆ ಮೂರು ಚಮಚ, ಅಂದರೆ 6 ಗ್ರಾಂ. ನಮ್ಮ 9,420 ಲೀಟರ್ ಬಾವಿಗೆ 124 ಗ್ರಾಂ! ಅದೇ ಬಾವಿಗೆ 24 ಎಲ್ಲಿ, 124 ಎಲ್ಲಿ? "ಹೋದ ವರ್ಷ ಹಾಕಿದಷ್ಟೇ ಹಾಕಿದೆವು, ಆದರೂ ಮನೆಯವರಿಗೆಲ್ಲ ಭೇದಿ" ಎನ್ನುವುದರ ಹಿಂದೆ ಹೆಚ್ಚಾಗಿ ಈ ಅಂತರವೇ ಇರುತ್ತದೆ.

ಪುಡಿಯೇ ಸತ್ತಿರುವುದು ಇನ್ನೊಂದು ಕಾರಣ. ಬ್ಲೀಚಿಂಗ್ ಪೌಡರ್ ಗಾಳಿ, ಬೆಳಕು, ತೇವ ತಾಗಿದರೆ ಕ್ಲೋರಿನ್ ಬಿಟ್ಟುಕೊಟ್ಟು ಬರಿಯ ಸುಣ್ಣವಾಗುತ್ತದೆ. ಬಾಯಿ ಬಿಚ್ಚಿದ ಚೀಲವನ್ನು ಮಳೆಗಾಲವಿಡೀ ಪಂಪ್‌ಹೌಸಿನ ಮೂಲೆಯಲ್ಲಿಟ್ಟು ಮರುವರ್ಷ ಬಳಸಿದರೆ ಬಾವಿಗೆ ಸುಣ್ಣ ಹೊಡೆದ ಪುಣ್ಯವಷ್ಟೇ. ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಕತ್ತಲಲ್ಲಿ ಇಡಬೇಕು. ಕಬ್ಬಿಣದ ಡಬ್ಬಿಯನ್ನು ಅದು ತಿಂದುಹಾಕುತ್ತದೆ. ಹುಡಿಹುಡಿಯಾಗಿ, ಮೂಗಿಗೆ ರಪ್ಪನೆ ಹೊಡೆಯುವಂತಿದ್ದರೆ ಜೀವವಿದೆ ಎಂದು ಅರ್ಥ. ಗಂಟುಗಂಟಾಗಿ ವಾಸನೆ ಸತ್ತಿದ್ದರೆ ಎಸೆಯಿರಿ. ಪಾಯಿಖಾನೆ ತೊಳೆಯುವ ಆಸಿಡ್ ಪಕ್ಕದಲ್ಲಂತೂ ಇಡಲೇಬಾರದು. ಎರಡೂ ಬೆರೆತರೆ ಏಳುವ ಕ್ಲೋರಿನ್ ಗಾಳಿ ಎದೆ ಸುಡುತ್ತದೆ.

ಹಾಕುವ ಕ್ರಮದಲ್ಲೇ ಹೆಚ್ಚು ಜನ ಎಡವುವುದು. ಪುಡಿಯನ್ನು ಕಟ್ಟೆಯ ಮೇಲಿಂದ ಬಾವಿಗೆ ಎರಚಿದರೆ, ಮೇಲಿನ ಒಂದಡಿ ನೀರು ಘಮ್ಮೆಂದು ನಾರುತ್ತದೆ, ಸುಣ್ಣ ತಳ ಸೇರುತ್ತದೆ, ನಡುವಿನ ನೀರು ಇದ್ದ ಹಾಗೇ ಇರುತ್ತದೆ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಪುಡಿಯನ್ನು ಮೊದಲು ಸ್ವಲ್ಪವೇ ನೀರಿನಲ್ಲಿ ದೋಸೆ ಹಿಟ್ಟಿನ ಹದಕ್ಕೆ ಗಂಟಿಲ್ಲದಂತೆ ಕಲಸಿ, ಆಮೇಲೆ ಮುಕ್ಕಾಲು ಬಕೆಟ್ ನೀರು ತುಂಬಿ ಕಲಕಬೇಕು. ಒಂದು ಬಕೆಟ್ಟಿಗೆ 100 ಗ್ರಾಂ ಮೀರದಿರಲಿ. ಹತ್ತು ನಿಮಿಷ ಬಿಟ್ಟರೆ ಸುಣ್ಣ ಕೆಳಗೆ ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಇನ್ನೊಂದು ಬಕೆಟ್ಟಿಗೆ ಬಗ್ಗಿಸಿಕೊಂಡು, ಗಸಿಯನ್ನು ದೂರ ಚೆಲ್ಲಬೇಕು. ಬಾವಿಗೆ ಹೋದರೆ ನೀರು ಗಡಸಾಗುತ್ತದೆ. ತಿಳಿಯ ಬಕೆಟ್ಟನ್ನು ಹಗ್ಗಕ್ಕೆ ಕಟ್ಟಿ ನೀರಿನೊಳಗೆ ಮುಳುಗಿಸಿ, ಮೇಲೆ ಕೆಳಗೆ, ಆಚೆ ಈಚೆ ಜಗ್ಗಾಡಿ. ರಾಟೆಯಿದ್ದರೆ ಹತ್ತು ಹದಿನೈದು ಕೊಡ ಸೇದಿ ಬಾವಿಗೇ ಸುರಿದರೆ ಇನ್ನೂ ಚೆನ್ನಾಗಿ ಬೆರೆಯುತ್ತದೆ. ರಾತ್ರಿ ಎಲ್ಲರ ನೀರು ಸೇದಿ ಮುಗಿದ ಮೇಲೆ ಹಾಕುವುದು ವಾಸಿ. ಕನಿಷ್ಠ ಒಂದು ಗಂಟೆ ಯಾರೂ ಮುಟ್ಟಬಾರದು.

ಬೆಳಿಗ್ಗೆ ಸೇದಿದ ನೀರಿನಲ್ಲಿ ಕ್ಲೋರಿನ್ ಉಳಿದಿದೆಯೇ ಎಂದು ನೋಡಲು ಗ್ರಾಮ ಪಂಚಾಯಿತಿಗಳಲ್ಲಿ ಪರೀಕ್ಷೆಯ ಕಿಟ್ ಇರುತ್ತದೆ. ಕೆಲವು ಕಿಟ್‌ಗಳಲ್ಲಿ ಹನಿ ಹಾಕಿದರೆ ನೀರು ಹಳದಿಯಾಗುತ್ತದೆ, ಡಿಪಿಡಿ ಮಾತ್ರೆಯಾದರೆ ಗುಲಾಬಿ. ಲೀಟರಿಗೆ 0.2 ಮಿ.ಗ್ರಾಂ. ಆದರೂ ಉಳಿದಿರಬೇಕು, ಊರಲ್ಲಿ ವಾಂತಿಭೇದಿ ಇದ್ದರೆ 0.5. ಬಣ್ಣವೇ ಬರದಿದ್ದರೆ ಹಾಕಿದ್ದೆಲ್ಲ ಕೊಳೆಗೇ ಖರ್ಚಾಗಿದೆ. ಈ ಉಳಿಕೆಯೇ ಕ್ಲೋರಿನ್ನಿನ ದೊಡ್ಡ ಗುಣ: ಕೊಡದಲ್ಲಿ, ಟ್ಯಾಂಕಿನಲ್ಲಿ ಮತ್ತೆ ಏನಾದರೂ ಬಿದ್ದರೆ ಅದನ್ನೂ ನೋಡಿಕೊಳ್ಳುತ್ತದೆ. ವಾಸನೆ ಸಹಿಸದವರು ಅಗಲ ಪಾತ್ರೆಯಲ್ಲಿ ಬಟ್ಟೆ ಮುಚ್ಚಿ ನಾಲ್ಕೈದು ಗಂಟೆ ಬಿಟ್ಟರೆ ತಗ್ಗುತ್ತದೆ.

ನೆರೆ ನೀರು ಬಾವಿಗೆ ನುಗ್ಗಿದ್ದರೆ ಈ ಲೆಕ್ಕ ಯಾವುದೂ ನಡೆಯದು. ಪೂರ್ತಿ ಎತ್ತಿ, ಗೋಡೆ ಉಜ್ಜಿ, ಹೊಸ ನೀರು ಬಂದ ಮೇಲೆ ಸಾವಿರ ಲೀಟರಿಗೆ 150 ಗ್ರಾಂ ಲೆಕ್ಕದಲ್ಲಿ ಹಾಕಿ, 12ರಿಂದ 24 ಗಂಟೆ ಬಿಟ್ಟು, ಘಾಟು ಹೋಗುವ ತನಕ ಎತ್ತಿ ಚೆಲ್ಲಬೇಕು. ಅಷ್ಟು ಕ್ಲೋರಿನ್ ಇರುವ ನೀರು ಕುಡಿಯಲಿಕ್ಕಲ್ಲ. ಮತ್ತೆ, ಎಷ್ಟು ಹೇಳಿದರೂ ಕಡಿಮೆಯಾದ ಮಾತು: ಮುಚ್ಚಿಟ್ಟ ಬಾವಿಗೆ, ಕ್ಲೋರಿನ್ ಹಾಕಿದ ಬಾವಿಗೆ ಯಾರೂ ಒಬ್ಬರೇ ಇಳಿಯಬಾರದು. ಕೆಳಗೆ ಉಸಿರಾಡುವ ಗಾಳಿ ಇಲ್ಲದಿದ್ದರೆ ಕೂಗಲೂ ಸಮಯ ಸಿಗುವುದಿಲ್ಲ.

ಬಟ್ಟೆಯಲ್ಲಿ ಸೋಸುವುದನ್ನು ಹಳೆಯ ಕಾಲದ್ದು ಎಂದು ನಗುವವರಿಗೆ ನಾರುಹುಣ್ಣಿನ ಕತೆ ಗೊತ್ತಿರಲಿಕ್ಕಿಲ್ಲ. ಉತ್ತರ ಕರ್ನಾಟಕದ ಮೆಟ್ಟಿಲು ಬಾವಿಗಳಲ್ಲಿ ಜನ ಕಾಲಿಳಿಸಿ ನೀರು ತುಂಬುತ್ತಿದ್ದರು. ಹುಣ್ಣಿನಿಂದ ಹೊರಬಂದ ಹುಳು ಮರಿಗಳನ್ನು ನೀರಿಗೆ ಬಿಡುತ್ತಿತ್ತು, ಸೈಕ್ಲಾಪ್ಸ್ ಎಂಬ ಸಣ್ಣ ಜಲಚರ ಆ ಮರಿಗಳನ್ನು ನುಂಗುತ್ತಿತ್ತು, ಆ ನೀರು ಕುಡಿದವರ ಕಾಲಿನಿಂದ ವರ್ಷದ ಮೇಲೆ ಮೊಳಗಟ್ಟಲೆ ಹುಳು ಹೊರಬರುತ್ತಿತ್ತು. ಅದಕ್ಕೆ ಲಸಿಕೆ ಇರಲಿಲ್ಲ, ಮಾತ್ರೆ ಇರಲಿಲ್ಲ. ಮೆಟ್ಟಿಲು ಬಾವಿಯನ್ನು ಸೇದುವ ಬಾವಿ ಮಾಡಿದ್ದು, ನೀರಿಗೆ ಔಷಧಿ ಹಾಕಿದ್ದು, ಮನೆಮನೆಯಲ್ಲಿ ಬಟ್ಟೆ ಕಟ್ಟಿ ಸೋಸಿಸಿದ್ದು, ಇಷ್ಟರಿಂದಲೇ ರೋಗ ಹೋಯಿತು. ದೇಶದ ಕೊನೆಯ ರೋಗಿ ಕಂಡದ್ದು 1996ರಲ್ಲಿ. 2000ದಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತ ಎಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಬಾಂಗ್ಲಾದೇಶದಲ್ಲಿ ಹಳೆಯ ಹತ್ತಿ ಸೀರೆಯನ್ನು ಹಲವು ಮಡಿಕೆ ಮಾಡಿ ಸೋಸಿದ ಹಳ್ಳಿಗಳಲ್ಲಿ ಕಾಲರಾ ಅರ್ಧದಷ್ಟು ಇಳಿದದ್ದೂ ಉಂಟು. ಕಾಲರಾ ರೋಗಾಣು ಅಂಟಿಕೊಂಡಿರುವ ಜಲಚರಗಳು ಬಟ್ಟೆಯಲ್ಲಿ ಸಿಕ್ಕಿಬೀಳುತ್ತವೆ. ಹಳೆಯ ಸೀರೆಯೇ ಏಕೆಂದರೆ, ಒಗೆದೊಗೆದು ನೂಲು ಸಡಿಲಾಗಿ ತೂತು ಕಿರಿದಾಗಿರುತ್ತದೆ. ಬಿಡಿಯಾಗಿ ತೇಲುವ ಬ್ಯಾಕ್ಟೀರಿಯಾ ಮಾತ್ರ ಬಟ್ಟೆಯನ್ನು ಲೆಕ್ಕಿಸದೆ ದಾಟುತ್ತದೆ. ಸೋಸುವುದು ಕುದಿಸುವುದಕ್ಕೆ, ಕ್ಲೋರಿನ್ನಿಗೆ ಮುಂಚಿನ ಕೆಲಸ, ಅದರ ಬದಲಿ ಅಲ್ಲ.

ಇನ್ನು ಬಯಲುಸೀಮೆ. ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯ ಹಳ್ಳಿಗಳಲ್ಲಿ ಮಕ್ಕಳ ಹಲ್ಲಿನ ಮೇಲಿನ ಕಂದು ಗೆರೆಗಳೇ ನೀರಿನ ವರದಿ. ಬಂಡೆಯೊಳಗಿನ ಖನಿಜದಿಂದ ನೀರಿಗೆ ಬರುವ ಫ್ಲೋರೈಡಿಗೆ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ. ಹಲ್ಲು ಮೂಡುವ ವಯಸ್ಸಿನಲ್ಲಿ ಕುಡಿದರೆ ಹಲ್ಲಿಗೆ, ವರ್ಷಗಟ್ಟಲೆ ಕುಡಿದರೆ ಮೂಳೆಗೆ. ಪಟಿಕ ಮತ್ತು ಸುಣ್ಣ ಹಾಕಿ ಫ್ಲೋರೈಡನ್ನು ಕೆಳಗೆ ಕೂರಿಸುವ ನಲ್ಗೊಂಡ ವಿಧಾನ ನಾಗಪುರದ ನೀರಿ (ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ) ಸಂಸ್ಥೆಯ ಕೊಡುಗೆ. ಅಗ್ಗದ್ದು, ಆದರೆ ಪಟಿಕದ ಪ್ರಮಾಣ ನೀರಿನ ಕ್ಷಾರಗುಣಕ್ಕೆ ತಕ್ಕಂತೆ ಬದಲಾಗುತ್ತದೆ. ಅಳತೆ ತಪ್ಪಿದರೆ ಫ್ಲೋರೈಡ್ ಹೋಗದೆ ಅಲ್ಯೂಮಿನಿಯಂ ಸೇರುತ್ತದೆ. ದಿನಾ ಬೆಳಿಗ್ಗೆ ಹತ್ತು ನಿಮಿಷ ಕಲಕಿ ಗಂಟೆಗಟ್ಟಲೆ ಕಾಯುವ ತಾಳ್ಮೆ ಮನೆಗಳಲ್ಲಿ ಉಳಿಯಲಿಲ್ಲ. ರಿವರ್ಸ್ ಆಸ್ಮೋಸಿಸ್, ಅಂದರೆ ಆರ್‌ಓ ಯಂತ್ರ ಬಂತು.

ಆರ್‌ಓ ಫ್ಲೋರೈಡನ್ನು ನಿಜವಾಗಿಯೂ ತೆಗೆಯುತ್ತದೆ. ಒಳಗಿನ ಸಾಲು ಹೀಗಿದೆ: ಮಣ್ಣು ಹಿಡಿಯುವ ಬಿಳಿ ಫಿಲ್ಟರ್, ಕ್ಲೋರಿನ್ ಹೀರುವ ಕಾರ್ಬನ್, ಒತ್ತಡಕ್ಕೆ ಪಂಪು, ಆಮೇಲೆ ಉಪ್ಪು ತಡೆಯುವ ತೆಳು ಪೊರೆ, ಅಂದರೆ ಮೆಂಬ್ರೇನ್. ಕಾರ್ಬನ್ ಸವೆದದ್ದನ್ನು ಬದಲಿಸದಿದ್ದರೆ ಕ್ಲೋರಿನ್ ನೇರವಾಗಿ ಮೆಂಬ್ರೇನಿಗೆ ತಾಗಿ ಅದನ್ನು ಹಾಳುಮಾಡುತ್ತದೆ. ನಲ್ಲಿಯಿಂದ ನೀರು ಬರುತ್ತಲೇ ಇರುತ್ತದೆ, ಉಪ್ಪು ತಡೆಯುವುದು ಮಾತ್ರ ನಿಂತಿರುತ್ತದೆ. ಹೆಚ್ಚಿನವರು ಗಮನಿಸದ ಇನ್ನೊಂದು ಭಾಗವಿದೆ: ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಲವಣ) ಕಂಟ್ರೋಲರ್ ಎಂಬ ಬೆರಳುದ್ದದ ತಿರುಪು. ಮೆಂಬ್ರೇನ್ ದಾಟದ ನೀರನ್ನು ಸ್ವಲ್ಪ ತಂದು ಶುದ್ಧ ನೀರಿಗೆ ಬೆರೆಸುವುದು ಅದರ ಕೆಲಸ. "ನೀರು ಸಪ್ಪೆ" ಎಂದು ದೂರಿದರೆ ರಿಪೇರಿಗೆ ಬಂದವರು ತಿರುಗಿಸುವುದು ಇದನ್ನೇ. ಬೋರ್ ನೀರಿನ ಟಿಡಿಎಸ್ ಲೀಟರಿಗೆ 900 ಮಿ.ಗ್ರಾಂ., ಫ್ಲೋರೈಡ್ 5 ಇದೆ ಎನ್ನಿ. ಮೆಂಬ್ರೇನ್ ದಾಟಿದಾಗ ಟಿಡಿಎಸ್ 70, ಫ್ಲೋರೈಡ್ 0.4. ರುಚಿಗೆಂದು ತಿರುಪು ತಿರುಗಿಸಿ ಟಿಡಿಎಸ್ 350 ಮಾಡಿದರೆ, ಮೂರರಲ್ಲೊಂದು ಪಾಲು ಬೋರ್ ನೀರೇ ಬೆರೆತಂತೆ. ಫ್ಲೋರೈಡ್ 2ರ ಹತ್ತಿರ ಹೋಗುತ್ತದೆ. ಸಾವಿರಾರು ರೂಪಾಯಿ ಕೊಟ್ಟು ತೆಗೆದದ್ದನ್ನು ಒಂದು ತಿರುಪಿನಿಂದ ವಾಪಸ್ ತಂದಂತಾಯಿತು. ಫ್ಲೋರೈಡ್ ಸೀಮೆಯಲ್ಲಿ ಆ ತಿರುಪು ಪೂರ್ತಿ ಮುಚ್ಚಿಯೇ ಇರಬೇಕು. ಪೆನ್ನಿನಂಥ ಟಿಡಿಎಸ್ ಮೀಟರ್ ಹೇಳುವುದು ಒಟ್ಟು ಲವಣವನ್ನಷ್ಟೇ. ಫ್ಲೋರೈಡ್ ಎಷ್ಟು, ರೋಗಾಣು ಇದೆಯೇ ಎಂಬುದು ಅದಕ್ಕೆ ತಿಳಿಯದು. ಮೆಂಬ್ರೇನಿನ ಆರೋಗ್ಯ ನೋಡಲು ಮಾತ್ರ ಅದು ಒಳ್ಳೆಯ ಸಾಧನ: 900 ಒಳಹೋಗಿ 70 ಬರುತ್ತಿದ್ದದ್ದು 180 ದಾಟಿತೆಂದರೆ ಬದಲಿಸುವ ಕಾಲ ಬಂತು.

ಟಿಡಿಎಸ್ 500ಕ್ಕಿಂತ ಕೆಳಗಿರುವ, ಬೆಂಗಳೂರಿಗೆ ಬರುವ ಕಾವೇರಿ ನೀರಿಗೆ ಆರ್‌ಓ ಹಾಕುವುದರಲ್ಲಿ ಅರ್ಥವಿಲ್ಲ. ಒಂದು ಲೀಟರಿಗೆ ಮೂರು ಲೀಟರ್ ಚರಂಡಿಗೆ ಬಿಡುವುದಕ್ಕೆಂದೇ ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್ ಪಂಪ್ ಮಾಡಿ ತರಬೇಕೇ? ಅಲ್ಲಿ ಸಮಸ್ಯೆ ಇರುವುದು ಮನೆಯ ಸಂಪಿನಲ್ಲಿ: ಬಿರುಕು ಬಿಟ್ಟ ಗೋಡೆ, ಪಕ್ಕದಲ್ಲೇ ಒಳಚರಂಡಿ. ಸಂಪು ತೊಳೆಸಿ, ನೀರು ಕುದಿಸಿದರೆ ಮುಗಿಯಿತು.

ಫ್ಲೋರೈಡಿಗೆ ಯಂತ್ರವಿಲ್ಲದ ಉತ್ತರ ಮಳೆನೀರು. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 25 ಲೀಟರ್ ಎಂದರೆ ವರ್ಷಕ್ಕೆ ಸುಮಾರು 9,100. ವರ್ಷಕ್ಕೆ 500 ಮಿ.ಮೀ. ಮಳೆಯ ಊರಿನಲ್ಲೂ 25 ಚದರ ಮೀಟರ್ ಸೂರು, ಐದರಲ್ಲೊಂದು ಪಾಲು ನಷ್ಟ ಕಳೆದು, 10,000 ಲೀಟರ್ ಕೊಡುತ್ತದೆ. ಆರು ತಿಂಗಳ ಒಣಗಾಲ ದಾಟಲು 5,000 ಲೀಟರಿನ ಟ್ಯಾಂಕ್ ಸಾಕು. ಪ್ರತಿ ಮಳೆಯ ಮೊದಲ 50 ಲೀಟರ್ ಹೊರಗೆ ಬಿಡಬೇಕು, ಹಕ್ಕಿ ಹಿಕ್ಕೆ, ಧೂಳು ಎಲ್ಲ ಅದರಲ್ಲೇ ಇಳಿಯುತ್ತದೆ. ಟ್ಯಾಂಕಿನೊಳಗೆ ಬೆಳಕು ಬೀಳದಿದ್ದರೆ ಪಾಚಿ ಕಟ್ಟದು. ಬಾಯಿಗೆಲ್ಲ ಸೊಳ್ಳೆ ಜಾಲರಿ ಇರಲಿ. ಮಳೆನೀರಿಗೆ ಲವಣದ ಕಾಟವಿಲ್ಲ, ರೋಗಾಣುವಿನದು ಉಂಟು. ಇದನ್ನು ಧಾರಾಳವಾಗಿ ಕುದಿಸಿ.

ಪರೀಕ್ಷೆಗೆ ನೀರು ಕೊಡುವುದಾದರೆ ಬೇಸಿಗೆಯ ಕೊನೆಗೊಮ್ಮೆ, ಮೊದಲ ಮಳೆಗಳಾದ ಮೇಲೊಮ್ಮೆ ಕೊಡಿ. ಬಾವಿ ಇಳಿದಾಗ ಲವಣ ಏರಿರುತ್ತದೆ, ಮಳೆ ಬಂದಾಗ ರೋಗಾಣು. ಲವಣದ ಪರೀಕ್ಷೆಗೆ ಅದೇ ನೀರಿನಲ್ಲಿ ಮೂರು ಸಲ ತೊಳೆದ ಪ್ಲಾಸ್ಟಿಕ್ ಬಾಟಲಿ ಆದೀತು. ರೋಗಾಣು ಪರೀಕ್ಷೆಗೆ ಪ್ರಯೋಗಾಲಯದವರೇ ಕೊಡುವ ಬಾಟಲಿ ಬೇಕು. ಅದನ್ನು ತೊಳೆಯಬಾರದು, ಬಾಯಿಗೆ ಬೆರಳು ತಾಗಿಸಬಾರದು, ಮಂಜುಗಡ್ಡೆಯ ಜತೆ ಅದೇ ದಿನ ತಲುಪಿಸಬೇಕು. ತಲುಪಿಸಲಾಗದ ಊರಿಗೆ 1982ರಲ್ಲಿ ಭಾರತದಲ್ಲೇ ರೂಪಿಸಿದ ಎಚ್‌ಟುಎಸ್ (ಹೈಡ್ರೋಜನ್ ಸಲ್ಫೈಡ್) ಬಾಟಲಿ ಇದೆ. ಗುರುತಿನ ತನಕ ನೀರು ತುಂಬಿ, ಮುಚ್ಚಿ, ಅಡುಗೆಮನೆಯ ಬೆಚ್ಚನೆ ಮೂಲೆಯಲ್ಲಿ ಇಟ್ಟರೆ, ಮಲದ ಕೊಳೆ ಸೇರಿದ ನೀರು ಒಂದೆರಡು ದಿನದಲ್ಲಿ ಇದ್ದಿಲಿನಂತೆ ಕಪ್ಪಾಗುತ್ತದೆ. ಆಗ ಆ ಬಾಟಲಿಯನ್ನು ಹಾಗೇ ಚೆಲ್ಲಬೇಡಿ. ಒಳಗೆ ಒಂದು ಚಮಚ ಬ್ಲೀಚಿಂಗ್ ಪೌಡರ್ ಹಾಕಿ ಅರ್ಧ ಗಂಟೆ ಬಿಟ್ಟು, ಬಾವಿಯಿಂದ ದೂರ ಸುರಿಯಿರಿ.